ಓದಿದವರು, ಕೇಳಿದವರು

ನಾಕ್ಸ್‌ವಿಲ್, ಟೆನೆಸಿ
ಮಾರ್ಚ್ ೬

ವೆಂಡೆಲ್,

ಫೋನ್ ಮಾಡಲ್ಲ ಅಂತ ಹೇಳಿದ್ದೆ, ಮಾಡ್ತಿಲ್ಲ. ಫೋನಿನಲ್ಲಿ ನೀನು ಸುಮ್ಮನಾಗ್ತೀಯ, ಆ ಮೌನ ತುಂಬಿಸೋಕೆ ನಾನು ಮಾತಾಡ್ತಾ ಹೋಗ್ತೀನಿ, ಇಡೋ ಹೊತ್ತಿಗೆ ಹೇಳಬಾರದ್ದನ್ನೆಲ್ಲ ಹೇಳಿರ್ತೀನಿ. ಕಾಗದದ ಮೇಲೆ ಇಬ್ಬರೂ ಸಮ.

ವಿಷಯ ನಮ್ಮ ಮಳೆನೀರು ನಿಯಮಗಳ ಕೋಶದ್ದು. ಮದುವೆ ಮುರಿದಾಗ ಮನೆ ನಿನಗೆ ಹೋಯ್ತು, ಗಸ್ ನಾಯಿ ನನಗೆ ಬಂತು, ಈ ಕೋಶ ಮಾತ್ರ ಇಬ್ಬರದ್ದೂ ಆಗಿ ಉಳೀತು. ಮಿಸಿಸಿಪ್ಪಿ ನದಿಯಿಂದ ಪೂರ್ವದ ರಾಜ್ಯಗಳು ನಿನ್ನವು, ಪಶ್ಚಿಮದ್ದು ನನ್ನವು. ನಿನ್ನ ಪಾಲಿನ ಗತಿ ನೋಡಿದೀಯಾ? ವರ್ಷದೊಳಗೆ ಇಬ್ಬರು ಕೂತು ಓದಿ ಕೇಳದ ಪುಟ ಬೂದು ಬಣ್ಣಕ್ಕೆ ತಿರುಗಬೇಕು ಅಂತ ನಿಯಮ ಮಾಡಿದ್ದು ನೀನೇ. ಈಗ ಮೇನ್‌ನಿಂದ ಫ್ಲೋರಿಡಾವರೆಗೆ ಇಡೀ ಕರಾವಳಿಗೆ ಬೂದಿ ಬಳಿದ ಹಾಗಿದೆ. ಬೇರೆ ಯಾರನ್ನಾದರೂ ಕೂರಿಸಿಕೊಂಡು ಓದು ಅಂದರೆ ಓದಲ್ಲ.

ಡ್ವೇನ್ ಪ್ರೂಯಿಟ್ ಅಂತ ಇಲ್ಲೊಬ್ಬರಿದಾರೆ. ಕಟ್ಟಡದ ಜಾಗಗಳನ್ನ ತಪಾಸಣೆ ಮಾಡೋರಿಗೆ ಪಾಠ ಹೇಳ್ತಾರೆ. ಈ ಚಳಿಗಾಲದಿಂದ ನನ್ನ ಪುಟಗಳನ್ನೆಲ್ಲ ಕೇಳೋರು ಅವರೇ. ಅವರನ್ನ ಕೋಶದ ಮೂರನೇ ಪಾಲಕರನ್ನಾಗಿ ಮಾಡಿಕೊಂಡರೆ ನಿನ್ನವನ್ನೂ ಕೇಳ್ತಾರೆ. ಇಬ್ಬರ ಸಹಿ ಇಲ್ಲದೆ ಅದು ಆಗಲ್ಲ. ಒಪ್ಪಿಗೆ ಕಾಗದ ಇದರ ಜೊತೆ ಇಟ್ಟಿದೀನಿ.

ಶುಕ್ರವಾರ ಚರ್ಚಿನ ಮೀನೂಟಕ್ಕೆ ಹೋಗ್ತಾ ಇದೀಯಾ? ಇಲ್ಲ ಅಂತ ಗೊತ್ತು. ಡಬ್ಬಿ ಸೂಪು ಬಿಸಿ ಮಾಡ್ಕೊಂಡು ನಿಂತ್ಕೊಂಡೇ ಕುಡೀತಿರ್ತೀಯ.

ಕೊರಿನ್


ಝೇನ್ಸ್‌ವಿಲ್, ಓಹಾಯೋ
ಮಾರ್ಚ್ ೧೫

ಪ್ರಿಯ ಕೊರಿನ್,

ಪತ್ರ ತಲುಪಿತು. ಒಪ್ಪಿಗೆ ಕಾಗದವೂ ತಲುಪಿತು. ಅದನ್ನು ಸದ್ಯಕ್ಕೆ ಹಾರಿಹೋಗದಂತೆ ಟೋಸ್ಟರಿನ ಕೆಳಗೆ ಇರಿಸಿದ್ದೇನೆ.

ಶ್ರೀ ಪ್ರೂಯಿಟ್ ಅವರ ಯೋಗ್ಯತೆಯ ಬಗ್ಗೆ ನನ್ನ ತಕರಾರಿಲ್ಲ. ಅವರು ನನಗೆ ಗೊತ್ತೇ ಇಲ್ಲ. ನನ್ನ ಸಂಶಯಗಳು ಪದ್ಧತಿಗೆ ಮಾತ್ರ ಸಂಬಂಧಿಸಿದವು. ಕಟ್ಟಡಕ್ಕೆಂದು ಒಂದು ಎಕರೆ ನೆಲವನ್ನು ಅಗೆದರೆ ಮಳೆನೀರಿನ ಪರವಾನಗಿ ಬೇಕೆನ್ನುವುದು ದೇಶಕ್ಕೆಲ್ಲ ಒಂದೇ. ಅದರಾಚೆಗೆ ಪ್ರತಿಯೊಂದು ರಾಜ್ಯವೂ, ರಾಜ್ಯದೊಳಗಿನ ಕೌಂಟಿಯೂ ತನ್ನದೇ ದಾರಿ ಹಿಡಿಯುತ್ತದೆ. ಎಷ್ಟು ಮಳೆ ಬಿದ್ದ ಮೇಲೆ ಮಣ್ಣು ಕೊಚ್ಚಿಹೋಗದಂತೆ ಕಟ್ಟಿದ ಹೂಳುಬೇಲಿಯನ್ನು ಹೋಗಿ ನೋಡಬೇಕು, ಬರಿಮಣ್ಣನ್ನು ಎಷ್ಟು ದಿನ ಬರಿದಾಗಿ ಬಿಡಬಹುದು ಎಂಬುದು ನದಿ ದಾಟಿದರೆ ಬದಲಾಗುತ್ತದೆ. ಗುತ್ತಿಗೆದಾರನಿಗೆ ಇದೆಲ್ಲ ಒಂದೇ ಕಡೆ, ತಪ್ಪಿಲ್ಲದೆ ಸಿಗಬೇಕೆಂದೇ ನಾವು ಅಂತರ್ಜಾಲದಲ್ಲಿ ಈ ಕೋಶವನ್ನು ಕಟ್ಟಿದ್ದು. ತಪ್ಪಿಲ್ಲದಿರಲು ಇದ್ದ ಉಪಾಯ ಒಂದೇ. ಒಬ್ಬರು ಸರಕಾರದ ಮೂಲವನ್ನು ಗಟ್ಟಿಯಾಗಿ ಓದುವುದು. ಇನ್ನೊಬ್ಬರು ನಮ್ಮ ಪುಟದ ಮೇಲೆ ಕಣ್ಣಿಟ್ಟು ಕೇಳುವುದು. ಕೊನೆಗೆ ಕೇಳಿದವರು ಪುಟವನ್ನು ತಿರುಗಿ ಓದಿ ಒಪ್ಪಿಸುವುದು. ವಾಕ್ಯ ಮುಗಿದಲ್ಲಿ ಮೇಜಿನ ಮೇಲೆ ಒಮ್ಮೆ ತಟ್ಟಬೇಕು, ಏಕೆಂದರೆ ಈ ನಿಯಮಗಳಲ್ಲಿ ಒಂದು ಷರತ್ತು ಎಲ್ಲಿಯವರೆಗೆ ಅನ್ವಯಿಸುತ್ತದೆ ಎನ್ನುವುದು ಪೂರ್ಣವಿರಾಮದಿಂದಲೇ ತಿಳಿಯುವುದು. ನಾನು ಮದುವೆಯ ಉಂಗುರವಿದ್ದ ಬೆರಳಿನಿಂದ ತಟ್ಟುತ್ತಿದ್ದೆ. ಲೋಹದ ಸದ್ದು ಮಾಂಸದ ಸದ್ದಿಗಿಂತ ಸ್ಪಷ್ಟ ಎನ್ನುವುದೊಂದೇ ಕಾರಣ. ಆಮೇಲೆ ನೀನೂ ಹಾಗೆಯೇ ತಟ್ಟತೊಡಗಿದೆ.

ಆದ್ದರಿಂದ ಕೇಳುತ್ತಿದ್ದೇನೆ: ಶ್ರೀ ಪ್ರೂಯಿಟ್ ತಟ್ಟುತ್ತಾರೆಯೇ? ಓದುವಾಗ ನೀವಿಬ್ಬರೂ ಎಲ್ಲಿ ಕುಳಿತುಕೊಳ್ಳುತ್ತೀರಿ? ಎದುರುಬದುರಾಗಿಯೋ, ಒಂದೇ ಬದಿಯಲ್ಲಿಯೋ? ದೀಪದ ಬೆಳಕು ಯಾವ ಕಡೆಯಿಂದ ಬೀಳುತ್ತದೆ? ಬೆಳಕು ಸರಿಯಿಲ್ಲದಿದ್ದರೆ ಮೂರು ಎಂಟಾಗಿ ಕಾಣಿಸುವುದುಂಟು. ತಾಂತ್ರಿಕ ಕಾರಣಕ್ಕಾಗಿ ಮಾತ್ರ ಕೇಳುತ್ತಿದ್ದೇನೆ.

ಸೂಪನ್ನು ಕುಳಿತೇ ಕುಡಿಯುತ್ತೇನೆ.

ನಿನ್ನ,
ವೆಂಡೆಲ್ ಓಸ್ಟರ್


ನಾಕ್ಸ್‌ವಿಲ್
ಏಪ್ರಿಲ್ ೨

ವೆಂಡೆಲ್,

ಬೆಳಕು ಎಡಗಡೆಯಿಂದ. ಅವರು ಕಿಟಕಿ ಪಕ್ಕ, ನಾನು ಒಲೆ ಪಕ್ಕ. ಮೇಜು ದುಂಡಗಿದೆ, ಅದಕ್ಕೆ ಬದಿ ಅನ್ನೋದೇ ಇಲ್ಲ. ಸಾಕಾ?

ನೀನು ಕೇಳಬೇಕು ಅಂತಿರೋದು ಅದಲ್ಲ. ಅದನ್ನ ಕೇಳೋಕೆ ಬಾಯಿ ಬರಲ್ಲ, ಅದಕ್ಕೆ ದೀಪದ ಸುದ್ದಿ ಎತ್ತುತ್ತೀಯ. ಮದುವೆಯಾಗಿದ್ದಾಗಲೂ ಹೀಗೇ ಇದ್ದೆ. ನನ್ನ ತಂದೆ ತೀರಿಕೊಂಡ ದಿನ ಕಾರಿನ ಟೈರಿನ ಗಾಳಿ ಬಗ್ಗೆ ಮಾತಾಡಿದವನು ನೀನು.

ಟೋಸ್ಟರ್ ಎತ್ತು. ಸಹಿ ಹಾಕು.

ಕೊರಿನ್


ಝೇನ್ಸ್‌ವಿಲ್
ಮೇ ೧೯

ಪ್ರಿಯ ಕೊರಿನ್,

ಕೊಲಂಬಸ್‌ನಲ್ಲಿ ಮಣ್ಣು ಸಂರಕ್ಷಣೆಯವರ ವಸಂತ ಸಭೆಗೆ ಹೋಗಿದ್ದೆ. ಶ್ರೀ ಪ್ರೂಯಿಟ್ ಅಲ್ಲಿ ಉಪನ್ಯಾಸಕ್ಕೆ ಬರುವವರೆಂದು ನೀನು ತಿಳಿಸಿರಲಿಲ್ಲ. ಬಹುಶಃ ಅವಶ್ಯವೆನ್ನಿಸಿರಲಿಕ್ಕಿಲ್ಲ.

ಅವರು ಒಂದು ಗಾಜಿನ ಸೀಸೆಯಲ್ಲಿ ಕೆಸರುನೀರು ತಂದಿದ್ದರು. ಅದನ್ನು ಎತ್ತಿ ಹಿಡಿದು, "ಇದು ನೀರಲ್ಲ ಕಣ್ರಪ್ಪಾ, ಇದು ಯಾರೋ ಗುತ್ತಿಗೆದಾರನ ಮರ್ಯಾದೆ, ಹರಿದು ಹೋಗ್ತಾ ಇದೆ," ಎಂದರು. ಸಭೆ ನಕ್ಕಿತು. ನನ್ನ ಪಕ್ಕದವರು ತೊಡೆ ತಟ್ಟಿ ನಕ್ಕರು. ಆಮೇಲೆ ಪರದೆಯ ಮೇಲೆ ನಮ್ಮ ಕೋಶ ಮೂಡಿತು. "ಕೊರಿನ್ ಮತ್ತು ನಾನು," ಎಂದು ಅವರು ಆರಂಭಿಸಿದ ವಾಕ್ಯಗಳನ್ನು ನಾನು ಎಣಿಸಲು ಹೋಗಿ ಬಿಟ್ಟುಬಿಟ್ಟೆ. ಪರದೆಯ ಮೇಲಿದ್ದದ್ದು ಯೂಟಾದ ಪುಟ. ಅದರ ವಿನ್ಯಾಸ ನನ್ನದು. ಎಡಗಡೆ ಮಳೆಯ ಅಳತೆ, ಬಲಗಡೆ ಅವಧಿ, ಬುಡದಲ್ಲಿ 'ಓದಿದವರು, ಕೇಳಿದವರು' ಎಂದು ಇಬ್ಬರ ಹೆಸರಿಗೆ ಜಾಗ. ಆ ಜಾಗದಲ್ಲಿ ಬೇರೊಂದು ಹೆಸರು ಅಚ್ಚುಕಟ್ಟಾಗಿ ಕುಳಿತಿತ್ತು. ಅಳತೆ ತೆಗೆದು ಮಾಡಿಸಿದಂತೆ.

ಕಾಫಿಯ ಬಳಿ ಅವರೇ ನನ್ನನ್ನು ಹುಡುಕಿಕೊಂಡು ಬಂದರು. ಎರಡೂ ಕೈಯಿಂದ ನನ್ನ ಕೈ ಹಿಡಿದು ಕುಲುಕಿದರು. ಕೈ ದೊಡ್ಡದು, ಒರಟು, ಬರಿದು.

"ನೀವೇನಾ ವೆಂಡೆಲ್! ಅಯ್ಯೋ ಗುರುವೇ, ನಿಮ್ಮ ವಿಷಯ ಎಷ್ಟು ಕೇಳಿದೀನಿ ಗೊತ್ತಾ?"

"ಏನು ಕೇಳಿದ್ದೀರಿ?"

"ಅಲ್ಪವಿರಾಮ ನುಂಗಿದರೆ ಮೊದಲಿಂದ ಓದಿಸ್ತಿದ್ರಂತೆ! ಇದಾಹೋ ರಾಜ್ಯವನ್ನ ಒಂದೇ ದಿನ ಮೂರು ಸಲ ಓದಿಸಿದ್ರಂತೆ. ಕೊರಿನ್ ಅದನ್ನ ಹೇಳ್ತಾ ಹೇಳ್ತಾ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಳ್ತಾರೆ."

ಇದಾಹೋವನ್ನು ಮೂರು ಸಲ ಓದಿದ್ದು ನಿಜ. ಆದರೆ ಅಂದು ನೀನು ನಕ್ಕಿದ್ದು ನನಗೆ ನೆನಪಿಲ್ಲ.

"ಆ ಕಾಗದ ತಲುಪ್ತಲ್ವಾ? ಅವಸರ ಏನಿಲ್ಲ ಬಿಡಿ," ಎಂದು ನನ್ನ ಬೆನ್ನು ತಟ್ಟಿ ಹೋದರು. ಅವಸರವಿಲ್ಲ ಎಂದು ನನಗೆ ಹೇಳುವ ಅಧಿಕಾರ ಅವರಿಗೆ ಯಾವಾಗ ಬಂತೆಂದು ಹಿಂದಿರುಗುವ ದಾರಿಯುದ್ದಕ್ಕೂ ಯೋಚಿಸಿದೆ. ಕಾಗದ ಟೋಸ್ಟರಿನ ಕೆಳಗೇ ಇದೆ.

ನಿನ್ನ,
ವೆಂಡೆಲ್ ಓಸ್ಟರ್


ಝೇನ್ಸ್‌ವಿಲ್
ಜೂನ್ ೨೩

ಪ್ರಿಯ ಕೊರಿನ್,

ಒಂದು ದೋಷವನ್ನು ನಿನ್ನ ಗಮನಕ್ಕೆ ತರಬೇಕಾಗಿದೆ.

ನನ್ನ ರಾಜ್ಯದ, ಅಂದರೆ ಓಹಾಯೋದ, ಬಕ್‌ಹಾರ್ನ್ ಕೌಂಟಿಯ ಪುಟ ಬೂದಾಗಿತ್ತು. ನಿನ್ನೆ ನೋಡಿದರೆ ಬೆಳ್ಳಗಾಗಿದೆ. ಬುಡದಲ್ಲಿ ಹೀಗಿದೆ. ಓದಿದವರು: ಕೊರಿನ್ ಓಸ್ಟರ್. ಕೇಳಿದವರು: ಡ್ವೇನ್ ಪ್ರೂಯಿಟ್. ನನ್ನನ್ನು ಕೇಳದೆ ನದಿ ದಾಟಿ ಬಂದದ್ದನ್ನು ನಾನು ದೊಡ್ಡದು ಮಾಡುವುದಿಲ್ಲ. ಆದರೆ ಪುಟದಲ್ಲಿ, ಕಾಲು ಇಂಚು ಮಳೆ ಬಿದ್ದರೆ ಬೇಲಿಯನ್ನು ಪರೀಕ್ಷಿಸಬೇಕು ಎಂದಿದೆ. ಅದು ಅರ್ಧ ಇಂಚು. ನಮ್ಮ ಮುದ್ರಿತ ಪ್ರತಿ ಈ ಮನೆಯ ಕಪಾಟಿನಲ್ಲೇ ಇದೆ. ನಾನು ಓದಿ ನೀನು ಕೇಳಿದ್ದು. ಅಂಚಿನಲ್ಲಿ ನಿನ್ನ ಹಸಿರು ಪೆನ್ಸಿಲಿನ ಗುರುತುಗಳಿವೆ. 'ಅರ್ಧ' ಎಂಬ ಪದದ ಕೆಳಗೆ ಎರಡು ಗೆರೆ.

ಶ್ರೀ ಪ್ರೂಯಿಟ್ ಮಾತುಗಾರರು. ಮಾತುಗಾರರ ಕಿವಿ ಸಾಮಾನ್ಯವಾಗಿ ಚುರುಕಲ್ಲ.

ಪುಟವನ್ನು ತಿದ್ದಿದ್ದೇನೆ. ಬುಡದಲ್ಲಿ ಹಳೆಯ ಹೆಸರುಗಳನ್ನೇ ಮರಳಿ ಇರಿಸಿದ್ದೇನೆ. ಓದಿದವರು: ವೆಂಡೆಲ್ ಓಸ್ಟರ್. ಕೇಳಿದವರು: ಕೊರಿನ್ ಓಸ್ಟರ್. ನೋಡಲು ಸರಿಯಾಗಿ ಕಾಣುತ್ತದೆ.

ಈ ಹಿನ್ನೆಲೆಯಲ್ಲಿ ಮೂರನೇ ಪಾಲಕರ ಪ್ರಶ್ನೆಯನ್ನು ನೀನು ಮತ್ತೊಮ್ಮೆ ಯೋಚಿಸುವೆಯೆಂದು ನಂಬಿದ್ದೇನೆ.

ನಿನ್ನ,
ವೆಂಡೆಲ್ ಓಸ್ಟರ್


ಝೇನ್ಸ್‌ವಿಲ್
ಜುಲೈ ೨೮

ಪ್ರಿಯ ಕೊರಿನ್,

ಜೂನ್ ತಿಂಗಳ ಪತ್ರಕ್ಕೆ ಉತ್ತರ ಬರಲಿಲ್ಲ. ಅಂಚೆಯಲ್ಲಿ ತಪ್ಪಿತೋ ಏನೋ ಎಂದು ಬರೆಯುತ್ತಿದ್ದೇನೆ. ಅಂಚೆಯಲ್ಲಿ ತಪ್ಪಿಲ್ಲವಾದರೆ ಈ ಪತ್ರಕ್ಕೂ ಉತ್ತರ ಬೇಡ.

ಹಿತ್ತಲಿನ ಟೊಮೇಟೊ ಚೆನ್ನಾಗಿ ಬಂದಿದೆ. ತಿನ್ನಲು ಜನವಿಲ್ಲ. ಇದು ದೂರಲ್ಲ, ವಸ್ತುಸ್ಥಿತಿ.

ನಿನ್ನ,
ವೆಂಡೆಲ್


[ಗುಡ್ಡಗಳ ಮೇಲೆ ಮಂಜು ಹಬ್ಬಿದ ಚಿತ್ರದ ಅಂಚೆ ಕಾರ್ಡು]
ಆಗಸ್ಟ್ ೧೧

ವೆಂಡೆಲ್,

ಗುಡ್ಡದ ಮೇಲಿದೀವಿ. ತಣ್ಣಗಿದೆ. ಪುಟಗಳನ್ನ ಸೆಪ್ಟೆಂಬರ್‌ನಲ್ಲೇ ನೋಡೋದು. ಬಕ್‌ಹಾರ್ನ್‌ದು ಯಾವ ವರ್ಷದ ಪ್ರತಿ ನೋಡಿ ತಿದ್ದಿದೆ? ಅದನ್ನ ಬರಿ. ಟೊಮೇಟೊ ಪಕ್ಕದ ಮನೆಯವರಿಗೆ ಕೊಡು.

ಕೊ.


ಝೇನ್ಸ್‌ವಿಲ್
ಸೆಪ್ಟೆಂಬರ್ ೧೪

ಪ್ರಿಯ ಕೊರಿನ್,

ನಿನ್ನ ಕಾರ್ಡಿನ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ. 'ಗುಡ್ಡದ ಮೇಲಿದೀವಿ' ಎಂಬಲ್ಲಿಯ ಬಹುವಚನವನ್ನು ದಾಟಿ ಮುಂದಕ್ಕೆ ಓದಲು ನನಗೆ ಸಾಕಷ್ಟು ಕಾಲ ಹಿಡಿಯಿತು. ಈಗ ಉತ್ತರಿಸುತ್ತೇನೆ. ಹಳೆಯ ಪ್ರತಿ. ಕೌಂಟಿ ಈ ವರ್ಷದ ಆರಂಭದಲ್ಲಿ ನಿಯಮವನ್ನು ಬದಲಿಸಿ ಕಾಲು ಇಂಚಿಗೆ ಇಳಿಸಿದೆ. ನಿಮ್ಮ ಪುಟ ಸರಿಯಾಗಿತ್ತು.

ಗೊತ್ತಾದದ್ದು ಹೀಗೆ. ಮರ್ಲ್ ಸ್ಟಟ್ಸ್ ಬಕ್‌ಹಾರ್ನ್‌ನಲ್ಲಿ ಹೊಸ ಶಾಲೆಯ ಕಟ್ಟಡದ ಮೇಲ್ವಿಚಾರಕ. ನಮ್ಮ ಹಿತ್ತಲ ಬಾಗಿಲನ್ನು ತಟ್ಟದೆ ಒಳಗೆ ಬರುವ ಮರ್ಲ್. ಮಂಗಳವಾರ ಬಂದವನು ಬಾಗಿಲಲ್ಲೇ ನಿಂತ. ಮೊಣಕಾಲಿನವರೆಗೆ ಕೆಸರು.

"ಒಳಗೆ ಬರಲ್ಲ, ನೆಲ ಹಾಳಾಗುತ್ತೆ. ವೆಂಡೆಲ್ಲಪ್ಪಾ, ನಿನ್ನ ಪುಟ ಎಷ್ಟು ಇಂಚು ಅನ್ನುತ್ತೆ?"

"ಅರ್ಧ."

"ಅರ್ಧ. ಸರಿ. ಭಾನುವಾರದ ಮಳೆ ನನ್ನ ಮಾಪಕದಲ್ಲಿ ಅರ್ಧ ಮುಟ್ಟಲಿಲ್ಲ. ಬೇಲಿ ನೋಡೋಕೆ ಹೋಗಬೇಕಿಲ್ಲ ಅಂತ ನಾನು ಅತ್ತಿಗೆ ಮನೆಗೆ ಪೈ ತಿನ್ನೋಕೆ ಹೋದೆ. ಇತ್ತ ಬೇಲಿ ಮಲಗಿತ್ತು ಕಣಯ್ಯ, ಊಟ ಮಾಡಿ ಮಲಗಿದ ಹಾಗೆ. ರಾತ್ರಿ ಇನ್ನೊಂದು ಮಳೆ ಬಂತು. ಗುಡ್ಡದ ಮಣ್ಣೆಲ್ಲ ತೊರೆಯೊಳಗೆ. ಈಗ ಆ ತೊರೆ ನೋಡಬೇಕು ನೀನು, ಚಾಕ್ಲೇಟ್ ಹಾಲು!"

"ಕೌಂಟಿಯವರು?"

"ಬಂದ್ಳು ಮಹಾತಾಯಿ. ಕೆಲಸ ನಿಲ್ಲಿಸು ಅಂತ ಗೇಟಿಗೆ ಕೆಂಪು ಚೀಟಿ ಅಂಟಿಸಿ ಹೋದ್ಳು. ಕಾಲು ಇಂಚಂತೆ. ಈ ಕೋಶ ತೋರಿಸಿದೆ. ನೋಡಿ ನಕ್ಕಳು. ಚಳಿಗೆ ನೆಲ ಹೆಪ್ಪುಗಟ್ಟೋದ್ರೊಳಗೆ ತಳಪಾಯ ಆಗಬೇಕಿತ್ತು, ಮಕ್ಕಳು ಇನ್ನೊಂದು ವರ್ಷ ಡಬ್ಬದಂಥ ತಾತ್ಕಾಲಿಕ ಕೋಣೆಗಳಲ್ಲಿ ಕೂರಬೇಕು ಈಗ."

ನಾನು ಏನೋ ಹೇಳಲು ಹೊರಟೆ. ಅವನು ಕೈ ಅಡ್ಡ ಮಾಡಿದ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಬರೀ ನಿನ್ನ ಹೆಸರು ಇದ್ದಿದ್ರೆ ಕೌಂಟಿಗೆ ಒಂದು ಫೋನ್ ಮಾಡಿ ಕೇಳ್ತಿದ್ದೆ. ಕೆಳಗೆ ಕೊರಿನ್ ಹೆಸರಿತ್ತಲ್ಲ, ಅದಕ್ಕೇ ನಂಬಿದೆ."

ಪುಟವನ್ನು ಆ ಕ್ಷಣವೇ ಖಾಲಿ ಮಾಡಿದೆ. ಮರ್ಲ್‌ನ ಪರವಾಗಿ ಕೌಂಟಿಗೆ ನಾನೇ ಬರೆದು, ತಪ್ಪು ಕೋಶದ್ದು, ಕೋಶದಲ್ಲಿಯೂ ನನ್ನದು ಎಂದು ತಿಳಿಸಿದ್ದೇನೆ. ತೊರೆಗೆ ಹೋಗಿ ನೋಡಿಬಂದೆ. ಅವನ ಹೋಲಿಕೆಯಲ್ಲಿ ಉತ್ಪ್ರೇಕ್ಷೆಯಿಲ್ಲ.

ನಿಯಮ ಬದಲಾಗಿದೆಯೇ ಎಂದು ಮೊದಲು ನೋಡುವುದು ನಮ್ಮ ಕೆಲಸದಲ್ಲಿ ಅಕ್ಷರಾಭ್ಯಾಸಕ್ಕೆ ಸಮ. ನಾನು ನೋಡಲಿಲ್ಲ. ಕಪಾಟಿನ ಪ್ರತಿಯ ಮೇಲೆ ಹಸಿರು ಗುರುತುಗಳಿದ್ದವು.

ವೆಂಡೆಲ್


ನಾಕ್ಸ್‌ವಿಲ್
ಸೆಪ್ಟೆಂಬರ್ ೨೦

ವೆಂಡೆಲ್,

ನಿಯಮ ನೋಡಲಿಲ್ಲ ಅನ್ನೋದನ್ನ ಮರೀತೀನಿ. ಎಲ್ಲರೂ ಒಂದು ದಿನ ಮರೀತಾರೆ. ಆದರೆ ನಾನು ಕೇಳದೆ ಇರೋ ಮಾತಿನ ಕೆಳಗೆ 'ಕೇಳಿದವರು' ಅಂತ ನನ್ನ ಹೆಸರು ಹಾಕಿದೆಯಲ್ಲ, ಅದಕ್ಕೆ ಏನನ್ನಲಿ? ನಿನಗೆ ಬೇಕಾಗಿದ್ದು ನಿಯಮ ಅಲ್ಲ. ಎರಡು ಹೆಸರು ಅಕ್ಕಪಕ್ಕ ಇರಬೇಕು ಅನ್ನೋದು. ಅದಕ್ಕೆ ಪಾಪ ಮರ್ಲ್ ಕೆಸರಲ್ಲಿ ನಿಂತ. ಆ ಮಕ್ಕಳು ಡಬ್ಬದಲ್ಲಿ ಕೂರ್ತಾರೆ.

ಹೊಟ್ಟೆಕಿಚ್ಚು ಪಡು. ಬೇಡ ಅನ್ನಲ್ಲ. ಅದನ್ನ ಕೋಶದೊಳಗೆ ಬರೀಬೇಡ.

ಆ ಪುಟ ಖಾಲಿ ಇರೋ ಹಾಗಿಲ್ಲ. ಹೊಸ ನಿಯಮ ತರಿಸಿಕೊಂಡು ಓದು. ಡ್ವೇನ್ ಕೇಳ್ತಾರೆ. ನಾನಲ್ಲ. ಅವರ ನಂಬರ್ ಹಿಂದುಗಡೆ ಬರೆದಿದೀನಿ.

ಕೊರಿನ್


ಝೇನ್ಸ್‌ವಿಲ್
ಅಕ್ಟೋಬರ್ ೫

ಪ್ರಿಯ ಕೊರಿನ್,

ನೀನು ಹೇಳಿದಂತೆ ಮಾಡಿದೆ. ವರದಿ ಇದು.

ಶ್ರೀ ಪ್ರೂಯಿಟ್ ಮೊದಲ ಕರೆಗೇ ಎತ್ತಿಕೊಂಡರು. "ಹೇಳಿ ವೆಂಡೆಲ್, ನಾನು ರೆಡಿ. ಪುಟ ತೆಗೆದಿದೀನಿ, ಕಾಫಿ ಬಗ್ಗಿಸಿಕೊಂಡಿದೀನಿ, ಗಸ್‌ನ ಆಚೆ ಹಾಕಿದೀನಿ."

ಗಸ್‌ನನ್ನು ನಾವು ಎಂದೂ ಆಚೆ ಹಾಕಿರಲಿಲ್ಲ. ಓದುವಾಗ ಅದು ಮೇಜಿನ ಕೆಳಗೆ ನನ್ನ ಪಾದದ ಮೇಲೆ ಮಲಗುತ್ತಿತ್ತು.

ಮರ್ಲ್‌ನ ವಿಷಯವಾಗಿ ಅವರು ಒಂದು ಮಾತನ್ನೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವರನ್ನು ದ್ವೇಷಿಸಲು ಒಂದು ನೇರವಾದ ಕಾರಣ ಸಿಗುತ್ತಿತ್ತು.

ನಾನು ಓದತೊಡಗಿದೆ. ಎರಡನೆಯ ಪ್ಯಾರಾದಲ್ಲಿ ಅವರು ತಡೆದರು.

"ಒಂದ್ನಿಮಿಷ ಗುರುವೇ. ನೀವು ತಟ್ತಾ ಇದೀರಾ?"

"ತಟ್ಟುತ್ತಿದ್ದೇನೆ."

"ಕೇಳಿಸ್ತಿಲ್ಲ. ಸ್ವಲ್ಪ ಗಟ್ಟಿಯಾಗಿ."

ನನ್ನ ಬೆರಳಿನಲ್ಲಿ ಈಗ ಉಂಗುರವಿಲ್ಲ. ಬರಿ ಬೆರಳಿನ ಸದ್ದು ನಾಕ್ಸ್‌ವಿಲ್‌ನವರೆಗೆ ತಲುಪುವುದಿಲ್ಲ. ಚಮಚ ತೆಗೆದುಕೊಂಡು ಅದರಿಂದ ತಟ್ಟಿ ಮುಗಿಸಿದೆ.

ಆಮೇಲೆ ಪದ್ಧತಿಯಂತೆ ಅವರು ಪುಟವನ್ನು ತಿರುಗಿ ಓದಿ ಒಪ್ಪಿಸಿದರು. ಒಳ್ಳೆಯ ಓದು. ಅಲ್ಪವಿರಾಮಗಳನ್ನು ನುಂಗುವುದಿಲ್ಲ. 'ಅಥವಾ' ಬಂದಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಹಾಗೆ ನಿಲ್ಲುವುದು ನನ್ನ ರೂಢಿಯಾಗಿತ್ತು. ಮೊದಲ ವಾಕ್ಯ ಮುಗಿಯಿತು. ಅವರು ತಟ್ಟಿದರು.

ಅದು ಬೆರಳಿನ ಸದ್ದಲ್ಲ. ಪೆನ್ಸಿಲಿನದ್ದೂ ಅಲ್ಲ, ಚಮಚದ್ದೂ ಅಲ್ಲ. ಆ ಸದ್ದನ್ನು ನಾನು ಐವತ್ತು ರಾಜ್ಯಗಳುದ್ದಕ್ಕೂ ಮಾಡಿದ್ದೇನೆ. ಮೇ ತಿಂಗಳಲ್ಲಿ ಆ ಕೈ ಬರಿದಾಗಿತ್ತು.

ಪುಟದ ಕೊನೆಯವರೆಗೂ ಆ ಸದ್ದನ್ನು ಕೇಳಿಸಿಕೊಂಡೆ. ಪುಟದಲ್ಲಿ ದೋಷವಿರಲಿಲ್ಲ. ಓದಿದವರು: ವೆಂಡೆಲ್ ಓಸ್ಟರ್. ಕೇಳಿದವರು: ಡ್ವೇನ್ ಪ್ರೂಯಿಟ್. ಪುಟ ಬೆಳ್ಳಗಾಗಿದೆ.

ನಿನ್ನ,
ವೆಂಡೆಲ್


ನಾಕ್ಸ್‌ವಿಲ್
ಅಕ್ಟೋಬರ್ ೧೪

ವೆಂಡೆಲ್,

ಮದುವೆ ಉಂಗುರಾನೇ. ಆಗಸ್ಟ್‌ನಲ್ಲಿ. ಆ ಕಾರ್ಡಿನಲ್ಲಿ ಬರೆಯೋಣ ಅಂತಲೇ ಕೂತೆ. ಕೊನೆಗೆ ಟೊಮೇಟೊ ಅಂತ ಬರೆದೆ. ದೀಪದ ಸುದ್ದಿ ಎತ್ತೋನು ನೀನೊಬ್ಬನೇ ಅಂತ ಬೈದಿದ್ದೆನಲ್ಲ, ವಾಪಸ್ ತಗೋತೀನಿ.

ತಟ್ಟೋದನ್ನ ನಾನು ಅವರಿಗೆ ಹೇಳಿಕೊಡಲಿಲ್ಲ. ನಾನು ತಟ್ಟೋದು ನೋಡ್ತಾ ನೋಡ್ತಾ ಬಂದುಬಿಡ್ತು. ನನಗೆ ಎಲ್ಲಿಂದ ಬಂತು ಅನ್ನೋದು ಅವರಿಗೆ ಗೊತ್ತು. ಅವತ್ತು ಫೋನ್ ಇಟ್ಟ ಮೇಲೆ, "ನಿನ್ನ ಓದಿನ ಬೇರು ಎಲ್ಲಿದೆ ಅಂತ ಇವತ್ತು ಗೊತ್ತಾಯ್ತು," ಅಂದ್ರು. ಅಂದು ಸ್ವಲ್ಪ ಹೊತ್ತು ಮಂಕಾಗಿ ಕೂತಿದ್ರು. ಹೊಟ್ಟೆಕಿಚ್ಚು ನಿನ್ನೊಬ್ಬನ ಸೊತ್ತಲ್ಲ.

ಪುಟಗಳಲ್ಲಿ ನನ್ನ ಹೆಸರು ಓಸ್ಟರ್ ಅಂತಲೇ ಇರುತ್ತೆ. ಅಷ್ಟೊಂದು ಪುಟ ಕೂತು ತಿದ್ದೋರು ಯಾರು.

ಕಾಗದಕ್ಕೆ ಸಹಿ ಹಾಕು ಅಂತ ಇನ್ನು ಕೇಳಲ್ಲ. ಹಾಕ್ತೀಯೋ ಬಿಡ್ತೀಯೋ. ವರ್ಮಾಂಟ್ ಪುಟ ಮಾತ್ರ ಬೂದಾಗಿ ಇರೋದು ನನಗೆ ನೋಡೋಕಾಗಲ್ಲ. ನಾವು ಮೊದಲು ಮಾಡಿದ್ದು ಅದೇ ಅಲ್ವಾ. ನವೆಂಬರ್ ಮೊದಲನೇ ಭಾನುವಾರ ಚರ್ಚ್ ಆದ ಮೇಲೆ ಫೋನ್ ಮಾಡ್ತೀನಿ. ನಾನು ಓದ್ತೀನಿ, ನೀನು ಕೇಳು. ಓದೋದು ಬಿಟ್ಟು ಬೇರೆ ಮಾತಿಲ್ಲ. ಡ್ವೇನ್ ಅಡುಗೆಮನೆಯಲ್ಲೇ ಇರ್ತಾರೆ, ಭಾನುವಾರ ಚಿಲಿ ಸಾರು ಮಾಡೋದು ಅವರ ಪಾಳಿ. ಅಡ್ಡ ಬರಲ್ಲ. ಗಸ್‌ನ ಒಳಗೇ ಇರಿಸ್ಕೋತೀನಿ.

ಕಪಾಟಿನ ಪ್ರತಿ ತೆಗೀಬೇಡ. ಹೊಸದು ತರಿಸಿಟ್ಕೋ.

ಕೊರಿನ್


ಝೇನ್ಸ್‌ವಿಲ್
ಅಕ್ಟೋಬರ್ ೨೫

ಪ್ರಿಯ ಕೊರಿನ್,

ಒಪ್ಪಿಗೆ ಕಾಗದವನ್ನು ಸಹಿ ಮಾಡಿ ಇದರೊಂದಿಗೆ ಇರಿಸಿದ್ದೇನೆ. ಒಂದು ಮೂಲೆ ಕಂದಾಗಿರುವುದು ಟೋಸ್ಟರಿನ ಬಿಸಿಯಿಂದ. ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ಅರ್ಥವಿಲ್ಲ.

ಪೂರ್ವದ ಪುಟಗಳನ್ನು ಇನ್ನು ಮುಂದೆ ಶ್ರೀ ಪ್ರೂಯಿಟ್ ಅವರಿಗೆ ಓದುತ್ತೇನೆ. ಮೇನ್‌ನಿಂದ ಆರಂಭಿಸಬಹುದು. ಮರ್ಲ್‌ನ ಗೇಟಿನ ಕೆಂಪು ಚೀಟಿಯನ್ನು ಕಳೆದ ವಾರ ತೆಗೆದರು. ಬೇಲಿಯನ್ನು ನಾನೂ ಅವನೂ ಸೇರಿ ನಿಲ್ಲಿಸಿದೆವು. ತೊರೆ ತಿಳಿಯಾಗಲು ಕಾಲ ಹಿಡಿಯುತ್ತದೆ.

ಶುಭಾಶಯ ಹೇಳಬೇಕೆಂದು ನಾಲ್ಕು ಸಲ ಬರೆದು ಹರಿದೆ. ಹೇಳಿದೆನೆಂದು ತಿಳಿದುಕೋ.

ವರ್ಮಾಂಟ್‌ನ ಹೊಸ ಪ್ರತಿ ಬಂದಿದೆ. ಭಾನುವಾರ ಚರ್ಚ್ ಮುಗಿಯುವ ಹೊತ್ತಿಗೆ ಪುಟ ತೆರೆದಿಟ್ಟುಕೊಂಡು ಕುಳಿತಿರುತ್ತೇನೆ. ನೀನು ಹೇಳಿದಂತೆ ಬೇರೆ ಮಾತಿಲ್ಲ. ಒಂದೇ ಕೋರಿಕೆ, ಅದೂ ತಾಂತ್ರಿಕ ಕಾರಣಕ್ಕಾಗಿ. ಚಿಲಿಯನ್ನು ಮರದ ಸೌಟಿನಿಂದ ಕಲಕಲು ಅವರಿಗೆ ಹೇಳು. ಆ ಮನೆಯಲ್ಲಿ ಆ ಹೊತ್ತು ಲೋಹದ ಸದ್ದು ಒಂದೇ ಇರಲಿ. ಎರಡು ಕೇಳಿಸಿದರೆ ವಾಕ್ಯ ಎಲ್ಲಿ ಮುಗಿಯಿತೆಂದು ನನಗೆ ತಿಳಿಯುವುದಿಲ್ಲ.

ಕೇಳುವವನು,
ವೆಂಡೆಲ್ ಓಸ್ಟರ್